ನಾಲಗೆ ಕತ್ತರಿಸಿಕೊಂಡವನು, ತಮಟೆ ಕೆಳಗಿಟ್ಟವನು

ಚೋಮ ದುಡಿ ಯಾಕೆ ಬಡೀತಾನೆ? ಕಾಲೇಜಿನ ಪರೀಕ್ಷೆಗೆ ಕೂರುವ ಯಾವ ಹುಡುಗನನ್ನು ಕೇಳಿದರೂ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ದುಡಿಯು ಚೋಮನ ಅಂತರಂಗದ ಸಂಕೇತ. ಅವನ ಸುಖ, ದುಃಖ, ಸಿಟ್ಟು ಎಲ್ಲವೂ ದುಡಿಯ ಮೂಲಕ ಹೊರಬೀಳುತ್ತವೆ. ಗೈಡಿನಲ್ಲಿ ಹಾಗೇ ಇದೆ, ಮೇಷ್ಟ್ರೂ ಹಾಗೇ ಬರೆಸುತ್ತಾರೆ, ಐದು ಅಂಕಕ್ಕೆ ಅಷ್ಟು ಸಾಕು. ಸಂಗೀತವೆಂದರೆ ಮನುಷ್ಯನ ಭಾವನೆಗಳ ಭಾಷೆ ಎಂಬ ಮಾತು ನಮ್ಮ ವಿಮರ್ಶೆಯಲ್ಲಿ ಎಷ್ಟು ಸವೆದುಹೋಗಿದೆಯೆಂದರೆ, ಚಲಾವಣೆಯಲ್ಲಿರುವ ನಾಣ್ಯದಂತೆ ಅದನ್ನು ಯಾರೂ ತಿರುಗಿಸಿ ನೋಡುವುದೇ ಇಲ್ಲ. ಕಥೆಯಲ್ಲಿ ಕೊಳಲು ಕೇಳಿಸಿದರೆ ವಿರಹ. ವೀಣೆಯ ತಂತಿ ಕಿತ್ತರೆ ಸಾವು. ತಮಟೆ ಸದ್ದಾದರೆ ಆದಿಮ ಶಕ್ತಿ. ಈ ಕೊನೆಯದು ನಮಗೆ ಮೀಸಲು.

ನಾವು ಕೇಳಬೇಕಾದ ಪ್ರಶ್ನೆ ಬೇರೆ. ಭಾವನೆಯ ಸಂಕೇತ ಅಂತೀರಲ್ಲ, ಯಾರ ಭಾವನೆ? ಬಾರಿಸುವವನದೋ, ಬಾರಿಸು ಅಂತ ಹೇಳಿಕಳಿಸಿದವನದೋ? ಊರಗೌಡರ ಮನೆಯಲ್ಲಿ ಹೆಣ ಬಿದ್ದಾಗ ನಮ್ಮ ತಾತಂದಿರು ತಮಟೆ ಕಾಯಿಸಿಕೊಂಡು ಹೋಗಿ ಹೆಣದ ಮುಂದೆ ಬಡಿದರು. ಆ ತಮಟೆಯಲ್ಲಿ ಇದ್ದದ್ದು ಯಾರ ದುಃಖ? ವಾರ ಕಳೆದು ಅದೇ ತಮಟೆ ಇನ್ನೊಂದು ಮನೆಯ ದಿಬ್ಬಣದ ಮುಂದೆ ಕುಣಿಯಿತು. ಅದು ಯಾರ ಖುಷಿ? ಜೀತಕ್ಕೆ ಮೈ ಒತ್ತೆ ಇಟ್ಟದ್ದನ್ನು ನಾವು ಲೆಕ್ಕ ಹಾಕಿದ್ದೇವೆ. ಭಾವನೆಯನ್ನೂ ಒತ್ತೆ ಇಟ್ಟದ್ದನ್ನು ಇನ್ನೂ ಯಾರೂ ಲೆಕ್ಕ ಹಾಕಿಲ್ಲ. ಊರಿಗೆ ಅಳು ಬಂದಾಗ ಅಳುವ ಸದ್ದು, ಊರಿಗೆ ಹಬ್ಬ ಬಂದಾಗ ನಗುವ ಸದ್ದು, ಎರಡನ್ನೂ ಕೇರಿಯವರೇ ಮಾಡಬೇಕು. ಮಾಡಿ, ಮೊರದಲ್ಲಿ ಹಾಕಿದ್ದನ್ನು ದೂರ ನಿಂತು ಸೆರಗಿಗೆ ಸುರಿಸಿಕೊಂಡು ಬರಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಥೆ ಕಾದಂಬರಿಗಳ ಸಂಗೀತವನ್ನು ಓದಿದರೆ ಏನು ಸಿಗುತ್ತದೆ ಅನ್ನುವುದು ಈ ಬರಹದ ವಿಷಯ.

ಮೊದಲು ಚೋಮನಿಗೇ ಬರೋಣ. ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಪೂನಾ ಒಪ್ಪಂದವಾಗಿ ಆಗ ಒಂದು ವರ್ಷ. 1927ರಲ್ಲೇ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದರು. ಅಂಥ ಹೊತ್ತಿನಲ್ಲಿ ಕೋಟದ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಒಬ್ಬ ಲೇಖಕ ಹೊಲೆಯನೊಬ್ಬನನ್ನು ಕಾದಂಬರಿಯ ನಡುಮನೆಗೆ ಕರೆತಂದು ಕೂರಿಸಿದ್ದು ಸಣ್ಣ ಮಾತಲ್ಲ. ನಮ್ಮಲ್ಲಿ ಕೆಲವು ಗೆಳೆಯರು ಕಾರಂತರ ಹೆಸರು ಕೇಳಿದರೇ ಮುಖ ಸಿಂಡರಿಸುತ್ತಾರೆ, ನಮಗೆ ಆ ಹಟ ಇಲ್ಲ. ಚೋಮನ ಆಸೆ ಏನು ಅನ್ನುವುದನ್ನು ಕಾರಂತರು ಸರಿಯಾಗಿಯೇ ಹಿಡಿದಿದ್ದಾರೆ. ಅವನಿಗೆ ಬೇಕಾದದ್ದು ದಯೆ ಅಲ್ಲ, ಗುಡಿಯ ಒಳಗೆ ಹೋಗುವುದೂ ಅಲ್ಲ, ಭೂಮಿ. ಸಾಕಿದ ಒಂದು ಜೋಡಿ ಎತ್ತು ಅವನ ಹತ್ತಿರ ಇವೆ, ಉಳಲು ಅಂಗೈಯಗಲ ನೆಲ ಬೇಕು. ಧಣಿ ಸಂಕಪ್ಪಯ್ಯ ಕೊಡುವುದಿಲ್ಲ. ಹೊಲೆಯ ಬೇಸಾಯಗಾರನಾಗುವುದು ಉಂಟೇ? ಇದು ಆ ಊರಿನ ಧರ್ಮ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಜ್ವರ ಹೊತ್ತು ಬಂದು ಸಾಯುತ್ತಾನೆ. ಗುರುವ ಕ್ರಿಸ್ತರ ಹುಡುಗಿಯ ಹಿಂದೆ ಹೋಗಿ ಆ ಮತದವನಾಗುತ್ತಾನೆ. ಬೆಳ್ಳಿ ಮನ್ವೇಲನ ಕೈಗೆ ಸಿಗುತ್ತಾಳೆ. ನೀಲ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ, ಮುಟ್ಟಬಾರದ ಮೈಯನ್ನು ಎತ್ತುವವರು ಇಲ್ಲ. ಕೊನೆಗೆ ಚೋಮ ನೇಗಿಲನ್ನು ಮುರಿದು ಬೆಂಕಿಗೆ ಹಾಕುತ್ತಾನೆ, ಎತ್ತುಗಳನ್ನು ಕಾಡಿಗಟ್ಟುತ್ತಾನೆ, ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತಾನೆ. ಬಡಿಯುತ್ತ ಬಡಿಯುತ್ತಲೇ ಸಾಯುತ್ತಾನೆ.

ಇಲ್ಲಿ ಒಂದು ವಿಷಯವನ್ನು ವಿಮರ್ಶಕರು ಸಾಮಾನ್ಯವಾಗಿ ದಾಟಿಸಿಬಿಡುತ್ತಾರೆ. ಆ ಸೀಮೆಯ ಚೋಮ ಆಡುವ ಮಾತು ತುಳು. ಕಾದಂಬರಿಯಲ್ಲಿ ಅವನು ಕನ್ನಡ ಆಡುತ್ತಾನೆ. ಅಂದರೆ ಅವನ ಬಾಯಿಂದ ಹೊರಟ ಪ್ರತಿ ಮಾತೂ ಕಾರಂತರ ಕೈಯಲ್ಲಿ ಒಮ್ಮೆ ತೊಳೆದು ಬಂದಿದೆ. ತೊಳೆಯದೆ ಉಳಿದದ್ದು ದುಡಿ ಒಂದೇ. ಅದಕ್ಕೇ ಇಡೀ ಪುಸ್ತಕದಲ್ಲಿ ದುಡಿಯ ಸದ್ದು ಬಂದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಅದು ಚೋಮನದೇ. ಸಂಜೆ ಹೆಂಡ ಕುಡಿದು ಬಂದು ಮಕ್ಕಳ ನಡುವೆ ಕೂತು ಬಡಿದಾಗ ಅದರಲ್ಲಿ ಯಾರ ಅಪ್ಪಣೆಯೂ ಇಲ್ಲ. ಬಿಟ್ಟಿಯ ಸದ್ದು ಅಲ್ಲ ಅದು, ಸ್ವಂತದ ಸದ್ದು. ದಿನವಿಡೀ ಧಣಿಗೆ ದುಡಿದ ಕೈ ರಾತ್ರಿ ತನಗಾಗಿ ಮಾಡಿಕೊಳ್ಳುವ ಏಕೈಕ ಕೆಲಸ. 'ದುಡಿ' ಎಂಬ ಒಂದೇ ಮಾತಿಗೆ ಕನ್ನಡದಲ್ಲಿ ಚರ್ಮವಾದ್ಯ ಅಂತಲೂ ಅರ್ಥ, ಮೈ ಮುರಿ ಅಂತಲೂ ಅರ್ಥ. ಕಾರಂತರು ಅದನ್ನು ಬೇಕಂತಲೇ ಇಟ್ಟರೋ ಏನೋ, ನಮ್ಮ ಕಿವಿಗಂತೂ ಎರಡೂ ಕೇಳಿಸುತ್ತವೆ.

ಆದರೆ ಈ ದುಡಿ ಕಾದಂಬರಿಯಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಮ್ಮ ತಕರಾರು ಇರುವುದು ಅಲ್ಲಿ. ಚೋಮನಿಗೆ ಸಿಟ್ಟು ಬಂದಾಗಲೆಲ್ಲ ಅದು ಎಲ್ಲಿಗೆ ಹೋಗುತ್ತದೆ ನೋಡಿ. ಸಂಕಪ್ಪಯ್ಯನ ಅಂಗಳಕ್ಕೆ ಹೋಗುವುದಿಲ್ಲ, ತೋಟದ ಸಾಹುಕಾರನ ಬಂಗಲೆಗೆ ಹೋಗುವುದಿಲ್ಲ. ದುಡಿಗೆ ಹೋಗುತ್ತದೆ. ದುಡಿ ಅದನ್ನು ನುಂಗುತ್ತದೆ. ಬೆಳಗಾದರೆ ಚೋಮ ಮತ್ತೆ ಕೈಕಟ್ಟಿ ಅಂಗಳದ ಕೆಳಗೆ ನಿಂತಿರುತ್ತಾನೆ. ಓದುಗನಿಗೂ ಅಷ್ಟೆ: ಪುಸ್ತಕ ಮುಚ್ಚುವ ಹೊತ್ತಿಗೆ ಕಿವಿ ತುಂಬ ದುಡಿ, ಕಣ್ಣ ತುಂಬ ನೀರು, ಸಂಕಪ್ಪಯ್ಯನ ಗದ್ದೆ ಮಾತ್ರ ಸಂಕಪ್ಪಯ್ಯನ ಹೆಸರಲ್ಲೇ ಇದೆ. ಸಂಗೀತವನ್ನು ಭಾವನೆಯ ಸಂಕೇತ ಮಾಡಿಬಿಟ್ಟರೆ ಆಗುವ ಅಪಾಯ ಇದು. ಭೂಮಿಯ ಪ್ರಶ್ನೆ ಎದೆಯ ಪ್ರಶ್ನೆಯಾಗಿಬಿಡುತ್ತದೆ. 'ಅಯ್ಯೋ ಪಾಪ, ಎಂಥ ನೋವು' ಅನ್ನುವಷ್ಟರಲ್ಲಿ 'ಎಷ್ಟು ಎಕರೆ' ಅನ್ನುವುದು ಮರೆತುಹೋಗುತ್ತದೆ.

ಹಾಗಂತ ಚೋಮ ಕ್ರಾಂತಿ ಮಾಡಬೇಕಿತ್ತು, ಕಾರಂತರು ಅವನ ಕೈಗೆ ಕೆಂಪು ಬಾವುಟ ಕೊಡಬೇಕಿತ್ತು ಅಂತ ನಾವು ಹೇಳುತ್ತಿಲ್ಲ. ಅಂಥ ಸುಲಭದ ವಿಮರ್ಶೆ ನಮ್ಮ ಪತ್ರಿಕೆಗಳಲ್ಲೇ ಬೇಕಾದಷ್ಟು ಬಂದಿದೆ. 1933ರ ಒಬ್ಬಂಟಿ ಚೋಮನಿಗೆ ಸಂಘಟನೆ ಎಲ್ಲಿತ್ತು? ನಮ್ಮ ಪ್ರಶ್ನೆ ಅವನು ಬಡಿದದ್ದರ ಬಗ್ಗೆ ಅಲ್ಲ, ಕೇಳಿದವರ ಬಗ್ಗೆ. ಕೊನೆಯ ರಾತ್ರಿ ಆ ಗುಡಿಸಲ ಒಳಗೆ ಕೂತು ದುಡಿ ಕೇಳುವವರು ಯಾರೂ ಇಲ್ಲ. ಹೊರಗಿನಿಂದ ಕೇಳುವವನು ಒಬ್ಬನೇ, ಓದುಗ. 1933ರಲ್ಲಿ ಕನ್ನಡ ಕಾದಂಬರಿ ಓದುವ ಆ ಓದುಗ ಯಾರ ಮನೆಯವನು? ಬಹುಮಟ್ಟಿಗೆ ಸಂಕಪ್ಪಯ್ಯನ ಮನೆಯ ಹುಡುಗನೇ. ಚೋಮನ ದುಃಖ ಅವನನ್ನು ಮುಟ್ಟಬೇಕಾದರೆ ಗಾಳಿಯಲ್ಲೇ ಬರಬೇಕು, ಸದ್ದಾಗಿ ಬರಬೇಕು. ಸದ್ದಿಗೆ ಮೈಲಿಗೆ ಇಲ್ಲ.

ಈಗ 1975ಕ್ಕೆ ಬನ್ನಿ. ಆ ವರ್ಷ ಎರಡು ಕನ್ನಡ ಚಿತ್ರಗಳು ಬಂದವು, ಎರಡೂ ಕಾದಂಬರಿಯಿಂದ ಎತ್ತಿದವು, ಎರಡೂ ಸಂಗೀತವನ್ನು ನಡುವಿಗಿಟ್ಟುಕೊಂಡವು, ಎರಡಕ್ಕೂ ರಾಷ್ಟ್ರಪ್ರಶಸ್ತಿ. ಒಂದು ಬಿ.ವಿ. ಕಾರಂತರ 'ಚೋಮನ ದುಡಿ'. ಅದಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇನ್ನೊಂದು ತ.ರಾ.ಸು. ಅವರ ಕಾದಂಬರಿಯನ್ನು ಜಿ.ವಿ. ಅಯ್ಯರ್ ತೆಗೆದ 'ಹಂಸಗೀತೆ'. (1956ರ ಹಿಂದಿಯ 'ಬಸಂತ್ ಬಹಾರ್'ಗೂ ಇದೇ ಕಾದಂಬರಿ ಮೂಲ. ಹಾಡುಗಾರರ ಕಥೆಗೆ ಯಾವ ಊರಲ್ಲೂ ಗಿರಾಕಿ ಉಂಟು.) ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ದೊರೆಯ ಅಪ್ಪಣೆಗೆ ಹಾಡುವುದಕ್ಕಿಂತ ನಾಲಗೆಯನ್ನೇ ಕತ್ತರಿಸಿಕೊಂಡ ಗಾಯಕ. ಆ ಘಟ್ಟ ಬಂದಾಗ ಯಾರಿಗಾದರೂ ರೋಮಾಂಚನವಾಗುತ್ತದೆ, ನಮಗೂ ಆಗುತ್ತದೆ. ಒಬ್ಬ ಕಲಾವಿದ ಅಧಿಕಾರದ ಎದುರು ನಿಂತು 'ನನ್ನ ಸಂಗೀತ ನಿನ್ನದಲ್ಲ' ಅಂತ ಹೇಳಿದ ರೀತಿ ಅದು. ನಾಡೇ ಅವನನ್ನು ತಲೆಯ ಮೇಲೆ ಹೊತ್ತಿತು. ತ್ಯಾಗ, ಸ್ವಾಭಿಮಾನ, ಕಲೆಯ ಪಾವಿತ್ರ್ಯ ಎಂಬ ಮಾತುಗಳ ಮಳೆ ಸುರಿಯಿತು.

ಸರಿ. ಅದೇ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಏನು ನಡೆಯುತ್ತಿತ್ತು? ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಕಾಲಿಡುತ್ತಿತ್ತು. ಹಟ್ಟಿಯ ಹುಡುಗರು 'ಇನ್ನು ಮೇಲೆ ಹೆಣದ ಮುಂದೆ ಬಡಿಯೋದಿಲ್ಲ, ಮಾರಿಹಬ್ಬಕ್ಕೆ ಬಿಟ್ಟಿ ತಮಟೆ ಇಲ್ಲ, ಟಾಂಟಾಂ ಹಾಕೋದಿಲ್ಲ' ಅಂತ ಹೇಳಲು ಶುರು ಮಾಡಿದ್ದರು. ಮಹಾರಾಷ್ಟ್ರದ ಮಹಾರರು ಬಾಬಾಸಾಹೇಬರ ಮಾತು ಕೇಳಿ ಇಂಥ ಊರಕೆಲಸ ಬಿಟ್ಟದ್ದು ಅದಕ್ಕೂ ಮುಂಚೆ. ಜೀತಪದ್ಧತಿ ರದ್ದಿನ ಕಾಯ್ದೆ 1976ರಲ್ಲಿ ಬಂತು. ಆದರೆ ತಮಟೆ ಬಡಿಯುವುದನ್ನು ಜೀತ ಅಂತ ಯಾವ ಊರೂ ಒಪ್ಪಲಿಲ್ಲ, ಅದು 'ಪದ್ಧತಿ', 'ಹಕ್ಕುದಾರಿಕೆ', 'ಅವರ ಕಲೆ'. ಬಡಿಯೋದಿಲ್ಲ ಅಂದವನಿಗೆ ಸಿಕ್ಕಿದ್ದು ಪ್ರಶಸ್ತಿಯಲ್ಲ. ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಹಿಟ್ಟಿನ ಗಿರಣಿ ಬೀಸಲಿಲ್ಲ, ಹೊಲಕ್ಕೆ ಕೂಲಿಗೆ ಕರೆಯಲಿಲ್ಲ. ಬ್ರಾಹ್ಮಣ ಗಾಯಕ ದೊರೆಗೆ ಹಾಡಲಾರೆ ಅಂದರೆ ಸ್ವಾಭಿಮಾನ, ಮಾದಿಗರ ಹುಡುಗ ಗೌಡನಿಗೆ ಬಡಿಯಲಾರೆ ಅಂದರೆ ಕೊಬ್ಬು. ಎರಡೂ ಒಂದೇ ಮಾತಲ್ಲವಾ? ನಾಲಗೆ ಕತ್ತರಿಸಿಕೊಂಡದ್ದೂ, ತಮಟೆ ಕೆಳಗಿಟ್ಟದ್ದೂ?

ಪೇಟೆಯಲ್ಲಿ ಕೂತ ಜಾನಪದ ಪ್ರೇಮಿಗಳು ಇದಕ್ಕೆ ಇನ್ನೊಂದು ರಾಗ ಹಾಡಿದರು. 'ಅಯ್ಯೋ, ಇಂಥ ಅಪೂರ್ವ ಕಲೆ ನಶಿಸಿಹೋಗುತ್ತಿದೆಯಲ್ಲ, ಇದು ಈ ಜನರ ಭಾವನೆಯ ಅಭಿವ್ಯಕ್ತಿಯಲ್ಲವೆ' ಅಂತ. ಮೌನವೂ ಭಾವನೆಯ ಅಭಿವ್ಯಕ್ತಿ ಅಂತ ನವ್ಯ ಕಥೆಗಳ ಬಗ್ಗೆ ಪುಟಗಟ್ಟಲೆ ಬರೆದವರಿಗೆ, ತಮಟೆಯ ಮೌನ ಮಾತ್ರ ಅರ್ಥವಾಗಲಿಲ್ಲ.

ತೊಗಲಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಶಾಸ್ತ್ರೀಯ ಸಂಗೀತವನ್ನು ವಸ್ತುವಾಗಿಟ್ಟುಕೊಂಡ ಕನ್ನಡದ ದೊಡ್ಡ ಕಾದಂಬರಿ ಎಂದರೆ ಎಸ್.ಎಲ್. ಭೈರಪ್ಪನವರ 'ಮಂದ್ರ'. 2010ರ ಸರಸ್ವತಿ ಸಮ್ಮಾನ್ ಪಡೆದದ್ದು. ಮೋಹನಲಾಲನೆಂಬ ಗಾಯಕನ ಕಲೆ ಮೇಲಕ್ಕೇರಿದಷ್ಟೂ ಅವನ ನಡತೆ ಕೆಳಕ್ಕಿಳಿಯುತ್ತದೆ ಎಂಬ ಕಥೆ. ರಾಗಗಳ ವಿವರ ಅಚ್ಚುಕಟ್ಟಾಗಿದೆ. ಕಲೆ ದೊಡ್ಡದೋ ನೀತಿ ದೊಡ್ಡದೋ ಎಂಬ ಚರ್ಚೆಯೂ ಇದೆ. ಒಬ್ಬ ಪ್ರತಿಭಾವಂತನ ಎದೆಯೊಳಗಿನ ಕದನ ಅದು, ನಮಗೆ ಅದರಲ್ಲಿ ಹೆಚ್ಚು ಕೆಲಸವಿಲ್ಲ. ಆದರೆ ಇಂಥ ಸಂಗೀತ ಕಥೆಗಳನ್ನೆಲ್ಲ ಓದುವಾಗ ನಮ್ಮ ಕಣ್ಣು ಪಕ್ಕವಾದ್ಯದ ಕಡೆ ಹೋಗುತ್ತದೆ. ಮೃದಂಗಕ್ಕೆ ಹಸುವಿನ, ಆಡಿನ, ಎಮ್ಮೆಯ ತೊಗಲು ಬೇಕು. ಅದನ್ನು ಹದ ಮಾಡಿ, ಎಳೆದು ಬಿಗಿದು, ಶ್ರುತಿಗೆ ಕೂರಿಸಿದವರು ಯಾರು? ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದು ಮೃದಂಗ ಮಾಡುವ ದಲಿತ ಕ್ರೈಸ್ತ ಮನೆತನಗಳ ಕಥೆ ಹೇಳಿದರು. ಅದರ ಬಿಡುಗಡೆಗೆ ಮೊದಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಜಾಗ ಕೊಡಲಿಲ್ಲ. ಸಭೆಯಲ್ಲಿ ನಾದ ಬೇಕು, ನಾದಕ್ಕೆ ತೊಗಲು ಬೇಕು, ತೊಗಲಿನ ಮಾತು ಬೇಡ. ಭಾವನೆಯ ಸಂಕೇತ ಅನ್ನುವ ಮಾತು ಇಂಥ ಕಡೆ ಬಹಳ ಅನುಕೂಲ. ಭಾವನೆಗೆ ವಾಸನೆ ಇರುವುದಿಲ್ಲ.

ಹಾಗಾದರೆ ಕಥೆಯಲ್ಲಿ ಸಂಗೀತ ಬರುವ ಬೇರೆ ದಾರಿ ಯಾವುದು? ಇದಕ್ಕೆ ನಮಗೆ ಸಿಕ್ಕ ಒಂದು ಒಳ್ಳೆಯ ಉತ್ತರ ದೂರದ್ದು. 1972ರಲ್ಲಿ ಮುಂಬಯಿಯ ಗೆಳೆಯರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟಾಗ ಅಮೆರಿಕದ ಕಪ್ಪು ಜನರ ಹೋರಾಟದ ಕಡೆ ಕೈ ಚಾಚಿದ್ದರು. ಆ ಜನರ ಸಾಹಿತ್ಯವನ್ನು ನಾವು ನೆಂಟರ ಮನೆಯ ಕಾಗದದಂತೆ ಓದಬೇಕು. ಜೇಮ್ಸ್ ಬಾಲ್ಡ್ವಿನ್ 1957ರಲ್ಲಿ ಪ್ರಕಟಿಸಿದ 'ಸನ್ನೀಸ್ ಬ್ಲೂಸ್' ಎಂಬ ಕಥೆ ಇದೆ. ನ್ಯೂಯಾರ್ಕಿನ ಹಾರ್ಲೆಮ್ ಅನ್ನಿ, ಕಪ್ಪು ಜನರ ಕೇರಿ. ಇಬ್ಬರು ಅಣ್ಣತಮ್ಮಂದಿರು. ಕಥೆ ಹೇಳುವ ಅಣ್ಣ ಓದಿ ಮೇಷ್ಟ್ರಾಗಿದ್ದಾನೆ, ಬೀಜಗಣಿತ ಕಲಿಸುತ್ತಾನೆ. ತಮ್ಮ ಸನ್ನಿ ಪಿಯಾನೊ ಹುಚ್ಚಿನವನು, ಮಾದಕದ್ರವ್ಯಕ್ಕೆ ಬಿದ್ದು ಪೊಲೀಸರ ಕೈಗೆ ಸಿಕ್ಕವನು. ಅಣ್ಣನಿಗೆ ಆ ಸುದ್ದಿ ಗೊತ್ತಾಗುವುದು ಪೇಪರು ಓದಿ.

ಈ ಅಣ್ಣ ನಮಗೆ ಬಹಳ ಗುರುತಿನವನು. ಕೇರಿಯಿಂದ ಮೊದಲು ಕಾಲೇಜಿಗೆ ಹೋದವನು, ಮಾಸ್ತರಿಕೆ ಹಿಡಿದವನು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡವನು. ಕೇರಿಯ ಸದ್ದು ಕೇಳಿದರೆ ಕಿಟಕಿ ಹಾಕಿಕೊಳ್ಳುವವನು. ಸನ್ನಿ ತಾನು ಜಾಜ್ ಬಾರಿಸುವವನಾಗಬೇಕು ಅಂದಾಗ ಅಣ್ಣನಿಗೆ ಸಿಟ್ಟು ಬರುತ್ತದೆ. ಆ ಕಾಲದಲ್ಲಿ ಹುಡುಗರೆಲ್ಲ ಹೊತ್ತು ಮೆರೆಸುತ್ತಿದ್ದ ಚಾರ್ಲಿ ಪಾರ್ಕರ್ ಯಾರು ಅಂತಲೂ ಅಣ್ಣನಿಗೆ ಗೊತ್ತಿಲ್ಲ. ತನ್ನ ಜನರ ಸಂಗೀತವೇ ಅವನಿಗೆ ಕೇಳಿಸುವುದಿಲ್ಲ. ಅವನನ್ನು ಕೆಟ್ಟವನಂತೆ ಬಾಲ್ಡ್ವಿನ್ ತೋರಿಸುವುದಿಲ್ಲ. ಕೇರಿಯಿಂದ ತಪ್ಪಿಸಿಕೊಂಡವನಿಗೆ ಕಿವಿ ಮುಚ್ಚಿಕೊಳ್ಳದೆ ಬೇರೆ ದಾರಿ ಇರಲಿಲ್ಲ ಅನ್ನುವುದನ್ನು ತೋರಿಸುತ್ತಾನೆ.

ಈ ಮನೆಯಲ್ಲಿ ಸಂಗೀತಕ್ಕೆ ಒಂದು ಹಿಂದಿನ ಕಥೆ ಇದೆ. ಅವರ ಚಿಕ್ಕಪ್ಪ ಗಿಟಾರು ನುಡಿಸುತ್ತಿದ್ದ. ಒಂದು ರಾತ್ರಿ ಕುಡಿದ ಬಿಳಿಯರ ಕಾರು ಮೋಜಿಗೆ ಅವನ ಮೇಲೆ ಹರಿಯಿತು. ಅಣ್ಣನಾದವನು ಆ ಕತ್ತಲಲ್ಲಿ ಕೇಳಿಸಿಕೊಂಡದ್ದು ತಮ್ಮನ ಕೂಗನ್ನು, ಗಿಟಾರಿನ ಮರ ಮುರಿದದ್ದನ್ನು, ತಂತಿಗಳು ಹಾರಿದ್ದನ್ನು. ಇಲ್ಲಿ ತಂತಿ ಕಿತ್ತದ್ದು ಯಾವ ಸಂಕೇತವೂ ಅಲ್ಲ, ನಿಜವಾಗಿ ಕೊಂದದ್ದು. ಭಾವನೆಯ ಹಿಂದೆ ಒಂದು ಕಾರು ಇದೆ, ಕಾರಿನೊಳಗೆ ಬಿಳಿಯರು ಇದ್ದಾರೆ, ಅವರಿಗೆ ಶಿಕ್ಷೆ ಆಗಲಿಲ್ಲ. ಆಮೇಲೆ ಬರುವ ಪ್ರತಿ ಸ್ವರದ ಕೆಳಗೂ ಆ ಕಾರಿನ ಸದ್ದು ಇದ್ದೇ ಇದೆ. ಚೋಮನ ದುಡಿಯ ಕೊನೆಯ ಹೊಡೆತಗಳ ಕೆಳಗೆ ಸಂಕಪ್ಪಯ್ಯನ ಸದ್ದು ನಮಗೆ ಹೀಗೆ ಕೇಳಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಕಥೆಯ ಕೊನೆಯಲ್ಲಿ ಅಣ್ಣ ಮೊದಲ ಸಲ ತಮ್ಮನ ಬಾರಿಸುವಿಕೆಯನ್ನು ಕೇಳಲು ಒಂದು ಕ್ಲಬ್ಬಿಗೆ ಹೋಗುತ್ತಾನೆ. ಸನ್ನಿ ಮೊದಮೊದಲು ತಡವರಿಸುತ್ತಾನೆ. ಕ್ರಿಯೋಲ್ ಎಂಬ ಹಿರಿಯ ವಾದಕ ತನ್ನ ದೊಡ್ಡ ಪಿಟೀಲಿನಿಂದ ಅವನನ್ನು ಆಳದ ನೀರಿಗೆ ಕರೆಯುತ್ತಾನೆ, ಹೆದರಬೇಡ ಅಂತ ಕೈ ಹಿಡಿದ ಹಾಗೆ. ಜೊತೆಗಾರರು ಇದ್ದಾರೆ, ಹಿಂದಿನವರ ಹಾಡು ಇದೆ, ಒಳಗೆ ಕೂತು ಕೇಳುವ ರಕ್ತಸಂಬಂಧಿ ಇದ್ದಾನೆ. ಚೋಮನಿಗೆ ಇಲ್ಲದ ಮೂರೂ ಇಲ್ಲಿವೆ. ಸಂಗೀತ ಇಲ್ಲಿ ಸನ್ನಿಯ ಭಾವನೆಯನ್ನು ಹೊರಗಿನವನ ಮುಂದೆ ಸುರಿಯುವುದಿಲ್ಲ. ಅದು ಅಣ್ಣನನ್ನು ಕೇಳುವವನಾಗಿ ಮಾಡುತ್ತದೆ. ಓದಿದ ಅಣ್ಣನಿಗೆ ಅಪ್ಪ, ಅಮ್ಮ, ಸತ್ತ ಚಿಕ್ಕಪ್ಪ, ತೀರಿಹೋದ ತನ್ನ ಪುಟ್ಟ ಮಗಳು ಎಲ್ಲರೂ ಅದರಲ್ಲಿ ಸಿಗುತ್ತಾರೆ. ಹೊರಗೆ ಕೇರಿ ಹಾಗೇ ಇದೆ, ಅದನ್ನೂ ಬಾಲ್ಡ್ವಿನ್ ಮರೆಯುವುದಿಲ್ಲ.

ನಮ್ಮಲ್ಲಿ ಈ ಕಡೆಗೆ ಹೆಜ್ಜೆ ಇಟ್ಟವರು ದೇವನೂರ ಮಹಾದೇವ. 1973ರ 'ದ್ಯಾವನೂರು' ಸಂಕಲನದಲ್ಲಿ 'ಅಮಾಸ' ಇದೆ. ಮಾರಿಹಬ್ಬದಲ್ಲಿ ಹುಲಿವೇಷ ಹಾಕಿ ಕುಣಿಯುವ ಪುಟ್ಟ ಹುಡುಗ. ಅಲ್ಲಿ ತಮಟೆ ಯಾರ ದುಃಖದ ಪ್ರತೀಕವೂ ಅಲ್ಲ, ಕುಣಿಯುವವನಿಗೆ ಕುಣಿಸುವ ತಮಟೆ, ಅಷ್ಟೆ. ಹುಡುಗ ಕುಣಿಯುತ್ತಾನೆ, ನೋಡುವವರ ಎದೆಯಲ್ಲಿ ಏನೇನೋ ಆಗುತ್ತದೆ. ನೋಡುವವರ ತಳಮಳ ಅವರದು, ಹುಡುಗನ ಕುಣಿತ ಹುಡುಗನದು, ಎರಡನ್ನೂ ದೇವನೂರರು ಕಲಸುವುದಿಲ್ಲ.

'ಕುಸುಮಬಾಲೆ' (1984) ಇನ್ನೂ ಮುಂದೆ ಹೋಯಿತು. ಅದರಲ್ಲಿ ಸಂಗೀತವನ್ನು ಹುಡುಕಲು ಯಾವ ವಾದ್ಯವನ್ನೂ ಹುಡುಕಬೇಕಾಗಿಲ್ಲ, ಹೇಳುವ ದನಿಯೇ ಹಾಡಿನದು. ನಂಜನಗೂಡು ಚಾಮರಾಜನಗರ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯನ್ನು ರಾತ್ರಿಯಿಡೀ ಹಾಡುವ ಆ ಏರಿಳಿತ, ಆ ನಿಲುಗಡೆ, ಮಾತಿನ ನಡುವೆ ಇದ್ದಕ್ಕಿದ್ದ ಹಾಗೆ ಪದ ಎದ್ದು ನಿಲ್ಲುವ ರೀತಿ, ಎಲ್ಲವೂ ಗದ್ಯದೊಳಗೇ ಇವೆ. ಎಲ್. ಬಸವರಾಜು ಅವರು ಅದನ್ನು ಪದ್ಯದ ಸಾಲುಗಳಾಗಿ ಜೋಡಿಸಿ ತೋರಿಸಿದ್ದು ಸುಮ್ಮನೆ ಅಲ್ಲ. ಓದಲು ಕಷ್ಟ ಅಂತ ಪೇಟೆಯ ಓದುಗರು ಗೊಣಗಿದರು. ನಮ್ಮ ಅವ್ವಂದಿರಿಗೆ ಓದಿ ಹೇಳಿದರೆ ಒಂದು ಮಾತೂ ಬಿಡಿಸಿ ಹೇಳಬೇಕಾಗಿಲ್ಲ. ಚನ್ನನನ್ನು ಕೊಂದ ಕಥೆ ಅದು. ಮೇಲ್ಜಾತಿಯ ಹೆಣ್ಣನ್ನು ಮುಟ್ಟಿದ ಹೊಲೆಯರ ಹುಡುಗನ ಕೊಲೆ. ಅದನ್ನು ದುಡಿಯ ಸದ್ದಾಗಿ ದೂರದಿಂದ ಕೇಳಿಸದೆ, ಕೇರಿಯ ಉಸಿರಲ್ಲೇ ಹೇಳಿದ್ದಾರೆ. ಕೇಳುವವನು ಹೊಸ್ತಿಲ ಈಚೆ ನಿಂತು ಮರುಗುವ ಹಾಗಿಲ್ಲ, ಒಳಗೆ ಬಂದು ಚಾಪೆಯ ಮೇಲೆ ಕೂರಲೇಬೇಕು. 1990ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದದ್ದಕ್ಕಿಂತ ನಮಗೆ ಇದು ದೊಡ್ಡದು.

ಇಷ್ಟಾದರೂ ಒಂದು ಜಾಗ ಖಾಲಿ ಇದೆ. ಇವತ್ತು ತಮಟೆ ಮತ್ತೆ ನಮ್ಮ ಕೈಗೆ ಬಂದಿದೆ. ಜಾಥಾದ ಮುಂದೆ ನಾವೇ ಬಡಿಯುತ್ತೇವೆ, ಏಪ್ರಿಲ್ 14ಕ್ಕೆ ನಮ್ಮ ಹೆಣ್ಣುಮಕ್ಕಳೂ ಬಡಿಯುತ್ತಾರೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು, ಬಂದದ್ದು ಒಳ್ಳೆಯದಾಯಿತು. ಆದರೆ ಬಡಿಯುವುದಕ್ಕೂ ಬಡಿಯುವುದಕ್ಕೂ ನಡುವೆ ಒಂದು ಕಾಲ ಇತ್ತಲ್ಲ, ತಮಟೆ ಗೂಟಕ್ಕೆ ನೇತುಬಿದ್ದಿದ್ದ ಕಾಲ, ಊರು ಕರೆದರೂ ಯಾರೂ ಎದ್ದು ಹೋಗದಿದ್ದ ಆ ಕೆಲವು ವರ್ಷ, ಅದರ ಕಥೆಯನ್ನು ಕನ್ನಡದಲ್ಲಿ ಹುಡುಕಿದರೆ ನಮ್ಮ ಕೈಗೆ ಸಿಕ್ಕುವುದು ಬಹಳ ಕಡಿಮೆ. ಭೈರವಿ ವೆಂಕಟಸುಬ್ಬಯ್ಯನಿಗೆ ಒಬ್ಬ ತ.ರಾ.ಸು. ಸಿಕ್ಕರು.

ಇದನ್ನು ಓದುವ ಮೇಷ್ಟ್ರುಗಳು, ಹಾಸ್ಟೆಲ್ಲಿನ ಹುಡುಗ ಹುಡುಗಿಯರು ತಮ್ಮ ತಮ್ಮ ಊರಲ್ಲಿ ವಿಚಾರಿಸಿ. ಮೊದಲು 'ಬಡಿಯೋದಿಲ್ಲ' ಅಂದವರು ಯಾರು, ಯಾವ ಹಬ್ಬದ ದಿನ ಅಂದರು, ಆ ರಾತ್ರಿ ಮನೆಯಲ್ಲಿ ಹೆಂಗಸರು ಏನಂದರು, ಎಷ್ಟು ದಿನ ಅಂಗಡಿ ಕೊಡಲಿಲ್ಲ, ಸಾಮಾನು ಎಲ್ಲಿಂದ ತಂದರು. ತಮಟೆಯನ್ನು ಸುಟ್ಟರೋ, ಅಟ್ಟದ ಮೇಲೆ ಹಾಕಿದರೋ, ಮಕ್ಕಳು ಆಡಿಕೊಳ್ಳಲು ಕೊಟ್ಟರೋ. ಆಗ ಊರಲ್ಲಿ ಎಂಥ ಸದ್ದಿತ್ತು. ಅವರ ಮಾತಲ್ಲೇ ಬರೆದುಕೊಳ್ಳಿ, ವ್ಯಾಕರಣ ತಿದ್ದಬೇಡಿ. ಪತ್ರಿಕೆಗೆ ಕಳಿಸಿದರೆ ಹಾಗೇ ಅಚ್ಚು ಹಾಕಿಸುತ್ತೇವೆ.